ಒದ್ದೆ ಕಾವಿ

ಹೊಳೆದಂಡೆಯ ಮಠದಲ್ಲಿ ಒಂದು ಪದ್ಧತಿ. ಹದಿಮೂರನೆಯ ದಿನ ಕೂಸನ್ನು ತಂದರೆ ಮಠದ ಸ್ವಾಮಿಗಳು, ಊರವರ ಬಾಯಲ್ಲಿ ಅಜ್ಜನವರು, ಉಡದಾರ ಕಟ್ಟುತ್ತಾರೆ. ಗಂಡಾದರೆ ಶಿಷ್ಯ ಕೊಟ್ರಯ್ಯ ಜಾಗಟೆ ಬಾರಿಸುತ್ತಾನೆ. ಹೆಣ್ಣಿಗೆ ಯಾಕಿಲ್ಲವೋ, ಆ ಜಗಳ ಇನ್ನೊಮ್ಮೆ ಆಡೋಣ.

ಅಂದು ಕೊಟ್ರಯ್ಯ ಜಾಗಟೆ ಹಿಡಿದು ಸುಮ್ಮನೆ ನಿಂತಿದ್ದ.

"ಯಾಕೋ, ಕೈಗೇನಾತು?" ಅಜ್ಜ ಕೇಳಿದರು.

"ಹೆಂಗ ಬಾರಿಸ್ಲಿ ಅಜ್ಜಾರ? ಗಂಡು ಅಂತಾರ. ಆದ್ರ ಉಚ್ಚಿ ಹೊಯ್ಯೋ ತೂತು ತುದಿಗಿಲ್ಲ, ಕೆಳಗೈತಿ. ಇದನ್ನ ಗಂಡು ಅಂತ ಊರಿಗೆ ಸಾರೋದು ಹೆಂಗ?"

ಮೆಟ್ಟಿಲ ಕೆಳಗೆ ಬಾಣಂತಿ ನೀಲವ್ವ ಕೂಸನ್ನು ಅವುಚಿಕೊಂಡು ನಿಂತಿದ್ದಳು. ಅವಳ ಮಾವ ಹಾಲಪ್ಪ ಮುಂದೆ ಬಂದ.

"ಗ್ರಹಣದಾಗ ಸೌತಿಕಾಯಿ ಹೆಚ್ಚ್ಯಾಳ್ರಿ ಈಕಿ. ಅದರ ಪಾಪ ಇದು. ತಾವು ಹೌದು ಅಂದುಬಿಡ್ರಿ, ಇವತ್ತ ತವರಿಗೆ ಅಟ್ತೀನಿ. ಮಗನಿಗೆ ಬ್ಯಾರೆ ಹೆಣ್ಣು ನೋಡೇನಿ."

"ಶಾಸ್ತ್ರದಾಗೂ ಹಂಗ ಐತ್ರಿ," ಕೊಟ್ರಯ್ಯ ಒಗ್ಗರಣೆ ಹಾಕಿದ.

"ಹಸಿವಾಗಿತ್ರಿ ಅಜ್ಜಾರ," ಎಂದಳು ನೀಲವ್ವ. ಅಷ್ಟೇ.

ಅಜ್ಜನವರಿಗೆ ಸಿಟ್ಟು ನೆತ್ತಿಗೇರಿತು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಅರಿವೆ ಬಿಚ್ಚಿ, ಉಡದಾರ ಕಟ್ಟಿದರು. ಗಂಟು ಬೀಳುವಷ್ಟರಲ್ಲಿ ಕೂಸು ಹೊಯ್ದುಬಿಟ್ಟಿತು. ಕಾವಿ ಮೊಣಕಾಲತನಕ ತೊಯ್ದು ತೊಪ್ಪೆಯಾಯಿತು.

"ಅಯ್ಯಯ್ಯ, ಮಡಿ ಕೆಟ್ಟಿತು!" ಕೊಟ್ರಯ್ಯ ಓಡಿಬಂದ. "ಪೂಜಿ ಹೊತ್ತಾತು. ಬ್ಯಾರೆ ಕಾವಿ ತರ್ತೀನ್ರಿ."

"ನಿಲ್ಲೋ. ಬಂತಿಲ್ಲೋ?"

"ಏನ್ರಿ?"

"ಉಚ್ಚಿ."

"ಬಂತ್ರಿ... ಕೆಳಗಿಂದ."

"ಬಂತಲ್ಲ! ಎಷ್ಟೋ ಗಂಡುಕೂಸು ಹಿಂಗ ಹುಟ್ತಾವ. ನೀಲವ್ವ, ಈ ತಿಂಗಳದಾಗ ಡಾಕ್ಟರಿಗೆ ತೋರಿಸವ್ವ. ವಯಸ್ಸು ನೋಡಿ ಹೊಲಿದು ಸರಿ ಮಾಡ್ತಾರ. ಈ ಕೊಟ್ರಯ್ಯನ ತಲಿ ಹೊಲಿಯೋ ಡಾಕ್ಟರು ಮಾತ್ರ ಇನ್ನೂ ಹುಟ್ಟಿಲ್ಲ."

ಅಜ್ಜ ಕೂಸನ್ನು ತಾಯಿಯ ಕೈಗಿಟ್ಟು ಎದ್ದರು. ಶಿಷ್ಯನ ಕೈಯಿಂದ ಜಾಗಟೆ ಕಿತ್ತುಕೊಂಡರು. ಒದ್ದೆ ಕಾವಿಯಲ್ಲೇ ಮೆಟ್ಟಿಲಿಳಿದು, ತಾಯಿ-ಕೂಸನ್ನು ಜೊತೆಗೆ ಕರೆದುಕೊಂಡು, ಊರ ನಡುಬೀದಿಯಲ್ಲಿ ಬಾರಿಸುತ್ತ ನಡೆದರು. ಕೊಟ್ರಯ್ಯ ಹಿಂದೆಯೇ ಓಡಿದ. ಜನ ಬಾಗಿಲಿಗೆ ಬಂದು ನೋಡಿದರು. ನೋಡಲಿ!

ಹಾಲಪ್ಪ ಅಡ್ಡದಾರಿ ಹಿಡಿದು ಮೊದಲೇ ಮನೆ ಮುಟ್ಟಿದ್ದ. ಹೊಸ್ತಿಲ ಮೇಲೆ ಎರಡೂ ಕೈ ಚಾಚಿ ನಿಂತ.

"ತಾವು ಬರ್ರಿ ಅಜ್ಜಾರ. ಈಕಿ ಬ್ಯಾಡ. ಈಕಿ ಕಾಲಿಟ್ರ ನಮ್ಮ ಮನಿ ದೇವ್ರು ನಿಲ್ಲಂಗಿಲ್ಲ."

ಅಜ್ಜ ಅವನ ಕೈ ಸರಿಸಿದರು.

"ನೀಲವ್ವ, ಒಳಗ ನಡಿಯವ್ವ. ಕೊಟ್ರಯ್ಯ, ಇವತ್ತಿನ ಪೂಜಿ ಇಲ್ಲೇ, ಇವರ ದೇವರ ಜಗಲಿ ಮುಂದ, ಇದ ಕಾವಿಯೊಳಗ. ಹಾಲಪ್ಪ, ನೀನೂ ಬಂದು ಕೂಡು, ಕಣ್ಣು ಪಿಳುಕಿಸದ ನೋಡು. ನಿನ್ನ ದೇವ್ರು ಎದ್ದು ಹೋದ್ರ ಹೇಳು, ಈಕಿನ್ನ ನಾನ ತವರಿಗೆ ಬಿಟ್ಟು ಬರ್ತೀನಿ."