ಪಾರವ್ವನ ಬಾಯಿಗೆ ಬಾರದ ಅಕ್ಷರ

ಪರಮಪೂಜ್ಯ ಶ್ರೀ ಅಡವಯ್ಯ ಸ್ವಾಮಿಗಳಿಗೆ ಮಠವೆಂಬುದೊಂದು ಇರಲಿಲ್ಲ. ಬೆಣ್ಣಿಹಳ್ಳದ ದಂಡೆಯ ಸೋಮನಾಳದಲ್ಲಿ ಗಾಣ ನಿಂತುಹೋದ ಕೊಟ್ಟಿಗೆಯೊಂದಿತ್ತು. ಊರವರು ಅದನ್ನೇ ಸಾರಿಸಿ ಕೊಟ್ಟರು, ಪೂಜ್ಯರು ಅಲ್ಲೇ ನೆಲೆಸಿದರು. ಎಷ್ಟು ಸಾರಿಸಿದರೂ ಗೋಡೆಯ ಎಣ್ಣೆವಾಸನೆ ಹೋಗಿರಲಿಲ್ಲ. ಒಂದು ಕಂಬಳಿ, ಒಂದು ಜೋಳಿಗೆ, ಒಂದು ಬೆತ್ತ, ಇಷ್ಟೇ ಅವರ ಸಂಸಾರ.

ಹೆಣ್ಣುಮಕ್ಕಳಿಗೂ ವಿದ್ಯೆ ಬೇಕೆಂಬ ಮಾತು ಧಾರವಾಡದ ಕಡೆ ಆಗತಾನೆ ಎದ್ದ ಕಾಲವದು. ಪಟ್ಟಣದಲ್ಲಿ ಸಭೆಗಳು ನೆರೆಯುತ್ತಿದ್ದವು, ಭಾಷಣಗಳಾಗುತ್ತಿದ್ದವು. ಸೋಮನಾಳದ ತನಕ ಯಾವ ಭಾಷಣವೂ ಬರಲಿಲ್ಲ. ಪೂಜ್ಯರು ಹಳ್ಳದಿಂದ ಹತ್ತು ಬುಟ್ಟಿ ಮರಳು ತರಿಸಿ ಕೊಟ್ಟಿಗೆಯ ನೆಲಕ್ಕೆ ಹರವಿಸಿದರು, ಅಷ್ಟೇ. ಮಧ್ಯಾಹ್ನ ಮನೆಗೆಲಸ ಮುಗಿಸಿ ಬಂದ ಏಳೆಂಟು ಹೆಂಗಸರು ಸಾಲಾಗಿ ಕೂತು ಅದರಲ್ಲಿ ಅಕ್ಷರ ತಿದ್ದುತ್ತಿದ್ದರು. ಓದು ಕಲಿತ ಹೆಣ್ಣು ಗಂಡನನ್ನು ನುಂಗುತ್ತಾಳೆಂದು ಊರು ಆಡಿಕೊಳ್ಳುತ್ತಿತ್ತು. ಹೀಗಾಗಿ ಬಂದವರಲ್ಲಿ ಬಹಳ ಮಂದಿ ಗಂಡನನ್ನು ಕಳೆದುಕೊಂಡವರೇ. ನುಂಗಲು ಇವರಿಗೆ ಇನ್ನಾರಿದ್ದಾರೆ ಎಂದು ಊರು ಅವರನ್ನು ಅವರ ಪಾಡಿಗೆ ಬಿಟ್ಟಿತ್ತು.

ದುಂಡವ್ವ ಮಾತ್ರ ಬಿಡುವವಳಾಗಿರಲಿಲ್ಲ. ಹಿಂದಿನ ವರ್ಷದ ಪ್ಲೇಗಿನಲ್ಲಿ ಊರೆಲ್ಲ ಹೊಲದ ಗುಡಿಸಲು ಸೇರಿದಾಗ ಅವಳ ಒಬ್ಬನೇ ಮಗ ಅಲ್ಲೇ ತೀರಿಕೊಂಡಿದ್ದ. ಅಂದಿನಿಂದ ಆ ತಾಯಿ ಮಗನ ಹೆಸರೆತ್ತಿರಲಿಲ್ಲ. ಎತ್ತಿದರೆ ಎದೆ ಒಡೆದೀತೆಂಬ ಅಂಜಿಕೆ. ‘ಅಂವ’ ಎನ್ನುವಳು, ಅಲ್ಲಿಗೇ ನಿಲ್ಲಿಸುವಳು. ಸೊಸೆ ಪಾರವ್ವನಿಗೆ ಇನ್ನೂ ಹತ್ತೊಂಬತ್ತು. ವರ್ಷದ ತಿಥಿಯೂ ಆಗಿಲ್ಲ, ಇವಳು ಅಕ್ಷರಕ್ಕೆ ಹೊರಟಳಲ್ಲ ಎಂದು ದುಂಡವ್ವನ ಹೊಟ್ಟೆ ಉರಿಯಿತು. ಸಿಟ್ಟು ಅಕ್ಷರದ ಮೇಲಲ್ಲ. ಈ ಹುಡುಗಿ ಗಂಡನನ್ನು ಮರೆಯುತ್ತಿದ್ದಾಳೆಂಬುದೇ ಅವಳ ಸಂಕಟ. ತಾನು ಕಣ್ಣು ಮುಚ್ಚಿದ ಮೇಲೆ ಮಗನನ್ನು ನೆನೆಯಲು ಉಳಿಯುವವಳು ಇವಳೊಬ್ಬಳೇ. ಇವಳೂ ಮರೆತರೆ ಅವನು ಹುಟ್ಟಿಯೇ ಇರಲಿಲ್ಲವೆಂದಾಗುತ್ತದೆ.

ಒಂದು ದಿನ ತಡೆಯಲಾರದೆ ಎದ್ದಳು. ಸೊಸೆಯ ಕೈಹಿಡಿದು ಎಬ್ಬಿಸಿಕೊಂಡು ಬಂದು, ಗಂಟುಮೂಟೆ ಕಟ್ಟಿಸಿ ತವರಿಗೆ ಕಳಿಸಿಬಿಡುವುದೆಂದು ಗಟ್ಟಿ ಮಾಡಿಕೊಂಡೇ ಕೊಟ್ಟಿಗೆಯ ಬಾಗಿಲಿಗೆ ಬಂದಳು.

ಒಳಗೆ ಪಾರವ್ವನಿಗೆ ಬೈಗುಳವಾಗುತ್ತಿತ್ತು. ಅಕ್ಷರ ಹೇಳಿಕೊಡುತ್ತಿದ್ದ ಪಂತೋಜಿ ರಾಚಯ್ಯನವರು ಒಳ್ಳೆಯವರೇ, ನಶ್ಯದ ಡಬ್ಬಿಯಷ್ಟೇ ಸಿಟ್ಟೂ ಅವರ ಕೈಗೆ ಹತ್ತಿರವಿತ್ತು. ಬಾಯಲ್ಲಿ ಹೇಳುತ್ತ ಬೆರಳಲ್ಲಿ ತಿದ್ದಬೇಕೆಂಬುದು ಅವರ ಪಾಠದ ಕ್ರಮ. ‘ಕ ಕಳಸ’ ಎಂದರೆ ಪಾರವ್ವ ಹೇಳುವಳು, ತಿದ್ದುವಳು. ‘ಖ ಖಡ್ಗ’ ಎಂದರೂ ಸರಿಯೇ. ‘ಗ ಗುರು’ ಎಂದೊಡನೆ ತುಟಿ ಬಿಗಿಯುವಳು, ಬೆರಳೂ ಅಲ್ಲಾಡದು. ಇದು ಹನ್ನೊಂದನೆಯ ದಿನ.

ಪಂತೋಜಿಗಳು ಪೂಜ್ಯರ ಕಡೆ ತಿರುಗಿ, “ಅಜ್ಜಾರ, ಗುರುವಿನ ಮುಂದ ಕುಂತು ಗುರು ಅನ್ನಲಾರದಾಕಿಗೆ ವಿದ್ಯಾ ಹೆಂಗ ಹತ್ತತೈತ್ರಿ?” ಎಂದರು.

ದುಂಡವ್ವನಿಗೆ ಅಷ್ಟೇ ಸಾಕಾಯಿತು. ಹೊಸ್ತಿಲು ದಾಟಿ ಬಂದವಳೇ, “ಕೇಳಿದ್ರೇನ್ರಿ ಅಜ್ಜಾರ? ಮನ್ಯಾಗ ಗಂಡನ್ನ ಮರತ್ಲು, ಇಲ್ಲಿ ನಿಮ್ಮನ್ನೂ ಮರತ್ಲು. ನನ್ನ ಜೋಡಿ ಕಳಸಿಬಿಡ್ರಿ” ಎಂದಳು.

ಪಾರವ್ವ ತಲೆ ಎತ್ತಲಿಲ್ಲ. ಅವಳ ಮುಂದಿನ ಮರಳಿನಲ್ಲಿ ಎರಡು ಹನಿ ಬಿದ್ದು ಇಂಗಿದವು.

ಪೂಜ್ಯರು ಬಾಗಿಲ ಬೆಳಕಿನಲ್ಲಿ ಕೂತು ಕಂಬಳಿಯ ಹರಿದ ಅಂಚಿಗೆ ಹೊಲಿಗೆ ಹಾಕುತ್ತಿದ್ದರು. ಸೂಜಿಯನ್ನು ಕಂಬಳಿಗೆ ಚುಚ್ಚಿಟ್ಟರು. ಸೊಸೆಯನ್ನು ನೋಡಿದರು, ಅತ್ತೆಯನ್ನು ನೋಡಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು: “ಯವ್ವಾ, ನಿನ್ನ ಮಗನ ಹೆಸರೇನು?”

ದುಂಡವ್ವ ಈ ಪ್ರಶ್ನೆಗೆ ಸಿದ್ಧಳಾಗಿ ಬಂದಿರಲಿಲ್ಲ. ಬೇರೆ ಯಾರಾದರೂ ಕೇಳಿದ್ದರೆ ಬೆನ್ನು ತಿರುಗಿಸಿ ಹೋಗುತ್ತಿದ್ದಳು. ಕೇಳಿದವರು ಪೂಜ್ಯರು. ವರ್ಷದಿಂದ ಕಟ್ಟಿಟ್ಟಿದ್ದ ಮಾತನ್ನು ಹೊರಗೆ ಬಿಟ್ಟಳು.

“ಗುರಪ್ಪ ಅಂತ್ರೀ, ಅಜ್ಜಾರ.”

ಅಂದಳು, ಅಂದದ್ದು ತನ್ನ ಕಿವಿಗೇ ಕೇಳಿತು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತರಬಾರದೆಂಬುದು ಮನೆಮನೆಯ ರೀತಿ. ಆ ಹೆಸರು ಸೇರಿದ ಮಾತನ್ನೂ ಬಿಟ್ಟು ಬೇರೆ ಮಾತು ಹಿಡಿಯುತ್ತಾರೆ. ಅಂದು ಮುಂಜಾನೆ ತಾನೇ ಪಾರವ್ವ ರೊಟ್ಟಿಗೆ ಗುರೆಳ್ಳಿನ ಚಟ್ನಿಪುಡಿ ಹಚ್ಚಿ ಕೊಡುತ್ತ, ‘ಅತ್ತಿ, ಕರೀ ಹಿಂಡಿ ಇನ್ನಷ್ಟು ಹಚ್ಚಲೇನ್ರಿ’ ಎಂದು ಕೇಳಿದ್ದಳು. ಮದುವೆಯಾಗಿ ಬಂದ ದಿನದಿಂದ ಅವಳಿಗದು ಕರೀ ಹಿಂಡಿಯೇ. ಗಂಡ ಹೋಗಿ ವರ್ಷವಾಗುತ್ತ ಬಂದರೂ ಅವಳು ಗುರೆಳ್ಳು ಎಂದಿರಲಿಲ್ಲ. ದಿನವೂ ಅದೇ ರೊಟ್ಟಿ ತಿಂದ ದುಂಡವ್ವನಿಗೆ ಅದು ಹೊಳೆದಿರಲಿಲ್ಲ. ಮರೆತಳೆಂದು ತಾನು ಯಾರನ್ನು ಬೈಯುತ್ತ ಬಂದಳೋ, ಅವಳು ಹನ್ನೊಂದು ದಿನ ಎಲ್ಲರೆದುರು ದಡ್ಡಿಯೆನಿಸಿಕೊಂಡು ಕೂತದ್ದು ಆ ಹೆಸರಿಗಾಗಿಯೇ. ದುಂಡವ್ವ ಸೊಸೆಯ ಪಕ್ಕ ಮರಳಿನ ಮೇಲೆಯೇ ಕೂತಳು. ರಾಚಯ್ಯನವರು ತೆಗೆದ ನಶ್ಯವನ್ನು ಏರಿಸದೆ ಹಾಗೇ ಡಬ್ಬಿಗೆ ಹಾಕಿದರು.

ಪಟ್ಟಣದ ಸುಧಾರಕರು ಯಾರಾದರೂ ಅಲ್ಲಿದ್ದಿದ್ದರೆ ಒಂದು ಭಾಷಣ ಆಗುತ್ತಿತ್ತೇನೋ. ಹೆಸರು ಹೇಳಿದರೆ ಗಂಡನ ಆಯುಷ್ಯ ಕುಂದುವುದೆಂಬುದು ಮೂಢನಂಬಿಕೆ, ಅದರಲ್ಲೂ ಹೋದವನ ಆಯುಷ್ಯ ಇನ್ನೇನು ಕುಂದೀತು ಎಂದು. ಮಾತು ನಿಜವೇ. ಆದರೆ ಆ ನಿಜ ಆ ಹುಡುಗಿಯ ಎದೆಯನ್ನು ಸೀಳಿ ಹಾಕುತ್ತಿತ್ತು. ಪೂಜ್ಯರು ಹಾಗೆ ಮಾಡಲಿಲ್ಲ. ಎದ್ದು ಬಂದು ಪಾರವ್ವನ ಮುಂದೆ ಕೂತರು, ತಮ್ಮ ಬೆರಳಿನಿಂದಲೇ ಮರಳಿನಲ್ಲಿ ‘ಗುರು’ ಎಂದು ದೊಡ್ಡದಾಗಿ ಬರೆದರು.

“ಕಟ್ಟು ನಾಲಿಗಿಗೆ ಐತಿ, ಬೆರಳಿಗೆ ಇಲ್ಲ. ತಾಯಿ ಅನ್ನಲಿ, ಮಗಳು ತಿದ್ದಲಿ.”

ಮೊದಲ ಸಲ ದುಂಡವ್ವನ ದನಿ ಹೊರಡಲೇ ಇಲ್ಲ. ಎರಡನೆಯ ಸಲ ಅರ್ಧಕ್ಕೆ ಮುರಿಯಿತು. ಮೂರನೆಯ ಸಲ, ಮಗ ಹೊಲದಲ್ಲಿದ್ದಾಗ ಊಟಕ್ಕೆ ಬಾ ಎಂದು ಬದುವಿನ ಮೇಲೆ ನಿಂತು ಕೂಗುತ್ತಿದ್ದಳಲ್ಲ, ಅದೇ ದನಿಯಲ್ಲಿ ಬಂತು. ಪಾರವ್ವನ ಬೆರಳು ಅಕ್ಷರದ ಮೇಲೆ ಸರಿಯಿತು. ಅತ್ತೆ ಮತ್ತೆ ಅಂದಳು, ಸೊಸೆ ಮತ್ತೆ ತಿದ್ದಿದಳು.

ದುಂಡವ್ವ ಬಗ್ಗಿ ಆ ಅಕ್ಷರಗಳನ್ನು ದಿಟ್ಟಿಸಿದಳು. “ಇದ ಏನ ಅವನ ಹೆಸರು? ಇಷ್ಟ ಸಣ್ಣದೈತಿ?” ಎಂದಳು. ಪಾರವ್ವ ಅಳುತ್ತಲೇ ನಕ್ಕುಬಿಟ್ಟಳು. ಆ ಮನೆಯಲ್ಲಿ ವರ್ಷದಿಂದ ಯಾರೂ ನಕ್ಕಿರಲಿಲ್ಲ.

ಪಾಠ ಮುಗಿದ ಮೇಲೆ ಪಂತೋಜಿಗಳು ಹಲಗೆಯಿಂದ ಮರಳನ್ನೆಲ್ಲ ಸಮ ಮಾಡುವುದು ರೂಢಿ. ಅಂದು ಹಲಗೆ ಹತ್ತಿರ ಬಂದಾಗ ದುಂಡವ್ವ ಎರಡೂ ಕೈ ಅಡ್ಡ ಹಿಡಿದಳು, ಅಳಿಸಬೇಡಿರೆಂದು ಬೇಡಿಕೊಂಡಳು.

“ಅಳಸಲಿ ಬಿಡವ್ವ,” ಎಂದರು ಪೂಜ್ಯರು. “ನಾಳೆ ಬಂದು ನೀನ ಬರಿ.”

ಮರುದಿನ ಅವಳು ಸೊಸೆಗಿಂತ ಮೊದಲೇ ಬಂದು ಕೂತಿದ್ದಳು.

ಪಾರವ್ವ ಮುಂದೆ ಚೆನ್ನಾಗಿ ಕಲಿತಳು, ಅದೇ ಕೊಟ್ಟಿಗೆಯಲ್ಲಿ ಕಲಿಸುವವಳೂ ಆದಳು. ಹೊಸ ಹುಡುಗಿಯರ ಪಾಠ ಮೂರನೆಯ ಅಕ್ಷರಕ್ಕೆ ಬಂದಾಗ ಮಾತ್ರ ಅತ್ತೆಯನ್ನು ಕರೆಯುವಳು. ದುಂಡವ್ವ ಠೀವಿಯಿಂದ ಬಂದು ಕೂತು ‘ಗ ಗುರು’ ಎನ್ನುವಳು, ಪಾರವ್ವ ಬರೆದು ತೋರಿಸುವಳು. ಮುಂದಿನ ಅಕ್ಷರವನ್ನೂ ಕಲಿಯೆಂದರೆ ದುಂಡವ್ವ ಒಪ್ಪುತ್ತಿರಲಿಲ್ಲ, ತನಗೆ ಇಷ್ಟೇ ಸಾಕೆನ್ನುತ್ತಿದ್ದಳು.

ಬಹಳ ವರ್ಷಗಳ ಮೇಲೆ ಪೂಜ್ಯರು ಲಿಂಗೈಕ್ಯರಾದರು. ಸುತ್ತಲ ಊರುಗಳ ಭಕ್ತರು ಹೂವು, ವಿಭೂತಿ ತಂದರು. ಬೆನ್ನು ಬಾಗಿದ ದುಂಡವ್ವ ಬರಿಗೈಯಲ್ಲಿ ಬಂದು, ಮರಳಿನ ಮುಂದೆ ಕೂತು, ಬೆರಳಿನಿಂದ ಆ ಎರಡಕ್ಷರ ಬರೆದಳು. ನೋಡಿದವರೆಲ್ಲ ಪೂಜ್ಯರನ್ನು ನೆನೆದು ಕೈಮುಗಿದರು. ಪಾರವ್ವ ಮಾತ್ರ ಅತ್ತೆಯ ಕಿವಿಯ ಹತ್ತಿರ ಬಗ್ಗಿ, ಇದು ಯಾರ ಹೆಸರೆಂದು ಕೇಳಿದಳು.

“ಇಬ್ಬರದೂ ಒಂದ ಐತೆಲ್ಲವ್ವ,” ಎಂದಳು ದುಂಡವ್ವ.

ಹೊತ್ತು ಇಳಿಯುವ ತನಕ ಅದರ ಮುಂದೆಯೇ ಕೂತಿದ್ದಳು. ಆಮೇಲೆ ಹಲಗೆಗೆ ಕೈಚಾಚಿ, ತಾನೇ ಮರಳನ್ನು ಸಮ ಮಾಡಿದಳು. ಸೊಸೆ ಬೆರಗಾಗಿ ನೋಡಿದ್ದಕ್ಕೆ, ನಾಳೆ ಮತ್ತೆ ಬರೆಯಲಿಕ್ಕೆ ಜಾಗ ಬೇಕಲ್ಲ ಎಂದಳು.