ಮೋಡ ಅಳೆದ ನೀರುಕಾಗೆಗಳು

"ಚಿನ್ನಿಗೆ ಸಣ್ಣ ಮೀನೇ ಕೊಡಿ. ದೊಡ್ಡದು ಗಂಟಲಿಗೆ ಸಿಕ್ಕೀತು."

ದೇಯಿ ಗಂಡನಿಗೆ ಹೇಳಿದ ಕೊನೆಯ ಮಾತು ಅದು. ಹೇಳಿ ನೀರಿಗೆ ಮುಳುಗಿದಳು. ಕೆಳಗೆ ಬಲೆ ಇತ್ತು. ಮೇಲೆ ಬರಲಿಲ್ಲ.

ಮಕ್ಕಳೇ, ದೇಯಿ ಒಂದು ನೀರುಕಾಗೆ. ಗಂಡ ಐತಪ್ಪನೂ ನೀರುಕಾಗೆ. ಮಂಗಳೂರಿನಲ್ಲಿ ಹೊಳೆ ಕಡಲು ಸೇರುವ ಕಡೆ, ನೀರಿಗೆ ಬಾಗಿದ ಒಂದು ಮರ. ಮರದ ಮೇಲೆ ಗೂಡು. ಗೂಡಿನಲ್ಲಿ ಮಗಳು ಚಿನ್ನಿ. ಅವಳ ರೆಕ್ಕೆ ಇನ್ನೂ ಬಲಿತಿರಲಿಲ್ಲ. ಹಸಿವು ಮಾತ್ರ ಬಲಿತಿತ್ತು.

ಅಂದಿನಿಂದ ಐತಪ್ಪ ಮರದ ಕೆಳಗಿನ ನೀರಿಗೆ ಇಳಿಯಲಿಲ್ಲ. ದೂರ ಹೋಗಿ ಮೀನು ತಂದ. ತಡವಾಗಿ ತಂದ. ಚಿನ್ನಿ ಅತ್ತಳು.

ಪಕ್ಕದ ಕೊಂಬೆಯ ಬೆಳ್ಳಕ್ಕಿ ಲಚ್ಚಕ್ಕ ಕೇಳಿದಳು, "ಐತಪ್ಪಣ್ಣ, ಬಲೆ ತೆಗೆದಾಗಿದೆ. ಕೆಳಗೇ ಮೀನು ಕುಣೀತಾ ಉಂಟು. ಊರೆಲ್ಲ ಯಾಕೆ ತಿರುಗ್ತೀರಿ?"

"ಇಲ್ಲಿ ಮುಳುಗಿದರೆ ರೆಕ್ಕೆ ಒಣಗುವುದಿಲ್ಲ. ಮಂಗಳೂರಲ್ಲಿ ಬರೀ ಮೋಡ," ಅಂದ ಐತಪ್ಪ.

ಬಾತುಕೋಳಿ ಮೈಮೇಲೆ ನೀರು ನಿಲ್ಲುವುದಿಲ್ಲ. ನೀರುಕಾಗೆಗೆ ಹಾಗಲ್ಲ. ಮುಳುಗಿದರೆ ರೆಕ್ಕೆ ತೋಯುತ್ತದೆ. ಅಗಲಿಸಿ ಒಣಗಿಸಬೇಕು. ಒದ್ದೆ ರೆಕ್ಕೆಯಲ್ಲಿ ದೂರ ಹಾರಲಾಗದು.

ಒಂದು ಬೆಳಿಗ್ಗೆ ಗರುಡ ಬಂದು ಕೂತಿತು.

"ಕಾರವಾರದಲ್ಲಿ ಎಂಥ ಬಿಸಿಲು ಮಾರಾಯ. ನನ್ನ ನೆತ್ತಿ ಕಾದುಹೋಯಿತು."

ಐತಪ್ಪನಿಗೆ ಅಷ್ಟೇ ಸಾಕಾಯಿತು.

"ಲಚ್ಚಕ್ಕ, ಮಗಳನ್ನು ನೋಡಿಕೊಳ್ಳಿ. ಕಾರವಾರ ನೋಡಿ ಬರ್ತೇನೆ. ಚೆನ್ನಾಗಿದ್ದರೆ ಮುಂದೆ ಅಲ್ಲೇ ಬಿಡಾರ."

"ಕತ್ತಲಾಗುವ ಮೊದಲು ಮೀನು ತಂದುಬಿಡಿ. ನಾನು ಹುಳ ತಿನ್ನುವವಳು. ನಿಮ್ಮ ಮಗಳು ಹುಳ ಕಂಡರೆ ಮೂತಿ ತಿರುಗಿಸ್ತಾಳೆ."

ಐತಪ್ಪ ಹಾರಿದ. ಅರ್ಧ ದಾರಿಯಲ್ಲಿ ಭಟ್ಕಳ. ಅಲ್ಲಿ ಕಡಲಲ್ಲಿ ಒಂದು ಬಂಡೆ. ಬಂಡೆಯ ಬುಡದಲ್ಲಿ ಮೀನು ಕಂಡಿತು. ಮಗಳಿಗೆ ಆಯಿತು ಎಂದು ಮುಳುಗಿ ಹಿಡಿದ. ಮೀನನ್ನು ಕಾಲಡಿ ಒತ್ತಿಕೊಂಡು ಬಂಡೆ ಮೇಲೆ ಕೂತ.

ಅಲ್ಲಿ ಇನ್ನೊಬ್ಬ ನೀರುಕಾಗೆ ಕೂತಿದ್ದ. ಅವನೂ ಒದ್ದೆ. ಅವನ ಕಾಲಡಿಯೂ ಮೀನು. ಹೆಸರು ಹೊನ್ನಪ್ಪ. ಊರು ಕಾರವಾರ.

"ಎಲ್ಲಿಗೆ ಭಾವ?" ಐತಪ್ಪ ಕೇಳಿದ.

"ಮಂಗಳೂರಿಗೆ. ಅಲ್ಲಿ ಬಿಸಿಲಂತೆ."

"ಯಾರು ಹೇಳಿದ್ದು?"

"ಗರುಡ. ನೀವು?"

"ಕಾರವಾರಕ್ಕೆ. ಅಲ್ಲಿ ಬಿಸಿಲಂತೆ."

ಹೊನ್ನಪ್ಪ ನಕ್ಕ. "ಕಾರವಾರದಲ್ಲಿ ಬಿಸಿಲಾ? ನಮ್ಮ ಮೋಡ ಬೆಳಿಗ್ಗೆ ಗುಡ್ಡದ ಮೇಲೆ ಕೂತರೆ ಸಂಜೆಗೂ ಏಳುವುದಿಲ್ಲ."

"ಗುಡ್ಡದ ಮೇಲೆ ತಾನೇ? ನಮ್ಮದು ನೆತ್ತಿ ಮೇಲೇ ಕೂರ್ತದೆ."

"ನಮ್ಮಲ್ಲಿ ಮಧ್ಯಾಹ್ನವೇ ಗೂಬೆ ಏಳ್ತದೆ, ರಾತ್ರಿ ಆಯ್ತು ಅಂತ."

"ನಮ್ಮ ಗೂಬೆ ಮಲಗುವುದೇ ಇಲ್ಲ."

"ನಮ್ಮ ಮೋಡ ಎಮ್ಮೆ ಬಣ್ಣ."

"ನಮ್ಮ ಮೋಡದ ಪಕ್ಕ ಎಮ್ಮೆ ನಿಲ್ಲಿಸಿ. ಬೆಳ್ಳಗೆ ಕಾಣ್ತದೆ."

ಇಬ್ಬರ ಕುತ್ತಿಗೆಯೂ ಉಬ್ಬಿತು. ಬಂಡೆಯ ಬಿರುಕಿನಿಂದ ಒಂದು ಏಡಿ ಇಣುಕಿತು. ಅದರ ಕಣ್ಣು ಮೀನಿನ ಮೇಲೆ.

"ಬರೀ ಬಾಯಿಮಾತು ಯಾಕೆ?" ಎಂದಿತು ಏಡಿ. "ನಡೆದು ತೋರಿಸಿ. ನಿಮ್ಮ ಮೋಡ ಎಲ್ಲಿಂದ ಎಲ್ಲಿವರೆಗೆ? ತೀರ್ಪು ನಾನು ಕೊಡ್ತೇನೆ."

ಹೊನ್ನಪ್ಪ ಬಂಡೆಯ ಈ ತುದಿಯಿಂದ ಆ ತುದಿಗೆ ನಡೆದ. ಐತಪ್ಪ ಬಿಡುತ್ತಾನೆಯೇ? ಬಂಡೆಗೇ ಒಂದು ಸುತ್ತು ಬಂದ. ಹೊನ್ನಪ್ಪ ಇನ್ನೂ ದೊಡ್ಡ ಸುತ್ತು ಬಂದ. ಇಬ್ಬರ ರೆಕ್ಕೆಯೂ ಮಡಿಚಿಯೇ ಇತ್ತು. ಒಬ್ಬರನ್ನೊಬ್ಬರು ನೋಡುತ್ತಾ ಬೈಯುತ್ತಾ ನಡೆದರು.

ಅಷ್ಟರಲ್ಲಿ ಮೋಡ ಸರಿಯಿತು. ಬಿಸಿಲು ಬಂತು. ಬಂಡೆ ಕಾಯಿತು. ನೋಡಿದವರಿಲ್ಲ. ಬಿಸಿಲು ಸ್ವಲ್ಪ ಹೊತ್ತು ಕಾದು ಹೊರಟುಹೋಯಿತು.

ಇಬ್ಬರೂ ದಣಿದು ಬಂದರು. ಒಂದು ಮೀನೂ ಇಲ್ಲ.

"ಏಡಿಯಣ್ಣ, ತೀರ್ಪು?"

"ತಡೀರಿ. ಬಾಯಿಗೆ ಬಿಡುವಿಲ್ಲ," ಎಂದಿತು ಬಿರುಕಿನ ಒಳಗಿಂದ. ನುಂಗಿದ ಮೇಲೆ ಮತ್ತೆ ಹೇಳಿತು, "ಬಿಸಿಲು ಬಂದು ಹೋಯಿತು. ಕಂಡಿರಾ? ಪಾಪ, ನೀವು ಅಳೀತಾ ಇದ್ದಿರಿ."

ಐತಪ್ಪ ಹಾರಲು ನೋಡಿದ. ಒದ್ದೆ ರೆಕ್ಕೆ ಅವನನ್ನು ಎತ್ತಲಿಲ್ಲ. ಪಟಪಟ ಬಡಿದು ನೀರಿಗೆ ಬಿದ್ದ. ಹೊನ್ನಪ್ಪ ಬಂಡೆಗೆ ಹತ್ತಿಸಿಕೊಂಡ. ಹೊತ್ತು ಮುಳುಗುತ್ತಿತ್ತು.

"ಇಷ್ಟು ಅವಸರ ಎಂತದು? ಮನೆಯಲ್ಲಿ ಯಾರಿದ್ದಾರೆ?"

"ಮಗಳು. ಹಸಿದಿರ್ತಾಳೆ."

"ತಾಯಿ ಇಲ್ಲವಾ?"

ಐತಪ್ಪ ಮಂಗಳೂರಿನ ಕಡೆ ನೋಡಿದ. "ಗೂಡಿನ ಕೆಳಗಿನ ನೀರಲ್ಲೇ ಹೋದಳು," ಅಂದ.

ಹೊನ್ನಪ್ಪ ಕೊಕ್ಕಿನಿಂದ ಬಂಡೆ ಕೆರೆದ. "ಹಾಗಾದರೆ ನಿಮಗೆ ಕಾರವಾರ ಯಾಕೆ ಭಾವ? ಅಲ್ಲಿ ಬಿಸಿಲಿದ್ದರೂ ನಿಮಗೆ ಮೋಡವೇ."



ಮರುದಿನ ಬೆಳಕು ಹರಿಯಿತು. ಬಿಸಿಲಿಲ್ಲ. ಆಕಾಶಕ್ಕೆಲ್ಲ ಒಂದೇ ಮೋಡ. ಎಲ್ಲಿ ಮಂಗಳೂರಿನದು ಮುಗಿಯಿತು, ಎಲ್ಲಿ ಕಾರವಾರದ್ದು ಶುರುವಾಯಿತು, ಗೆರೆ ಕಾಣಲಿಲ್ಲ. ಐತಪ್ಪ ಗಾಳಿಗೆ ಎದುರಾಗಿ ರೆಕ್ಕೆ ಬಿಚ್ಚಿದ. ಮಾತಾಡದೆ ನಿಂತ. ನಿಧಾನವಾಗಿ ಒಣಗಿತು. ಹಾರಿದ.

ಗೂಡಿಗೆ ಬಂದರೆ ಹಸಿವಿಗೆ ಚಿನ್ನಿಯ ಕೂಗು ಸಣ್ಣದಾಗಿತ್ತು. ಲಚ್ಚಕ್ಕ ಹುಳ ಹಿಡಿದು ನಿಂತಿದ್ದಳು. ಚಿನ್ನಿ ಬಾಯಿ ಬಿಟ್ಟಿರಲಿಲ್ಲ.

"ಅಪ್ಪ, ಕಾರವಾರದಲ್ಲೂ ಮೋಡ ಉಂಟಾ? ನಮ್ಮದಕ್ಕಿಂತ ದೊಡ್ಡದಾ?"

"ಮೊದಲು ಊಟ ಮಗಾ."

ಐತಪ್ಪ ಕೊಂಬೆಯ ತುದಿಗೆ ಬಂದ. ಕೆಳಗೆ ನೀರು ನೋಡಿದ. ದೇಯಿ ಮುಳುಗಿದ ಜಾಗ ಅದೇ. ಹಾರಿ ಮುಳುಗಿದ.

ಲಚ್ಚಕ್ಕ ಬಗ್ಗಿ ನೋಡುತ್ತಾ ನಿಂತಳು. ಚಿನ್ನಿಯೂ ಬಗ್ಗಿದಳು.

ಐತಪ್ಪ ಮೇಲೆ ಬಂದ. ಕೊಕ್ಕಿನಲ್ಲಿ ಮೀನಿತ್ತು.

ನೀತಿ: ಎರಡು ಊರಿನ ಮೋಡ ಅಳೆಯುತ್ತಾ ಕೂತವನಿಗೆ ಯಾವ ಊರಿನ ಬಿಸಿಲೂ ದಕ್ಕುವುದಿಲ್ಲ.