ಶೆಟ್ಟರು ತಂದ ಆಯಿಲ್

ವೇದಾವತಿ ನದಿಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಅಲ್ಲಿದ್ದವರು ಮರುಳಯ್ಯ ಸ್ವಾಮಿಗಳು. ಎಪ್ಪತ್ತು ದಾಟಿತ್ತು.

ಅವರ ಶಿಷ್ಯೆ ದಾಕ್ಷಾಯಣಿ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ಕೆಲಸ ಬಿಟ್ಟು ಗುರುಗಳ ಬಳಿ ಬಂದು ಮೂರು ವರ್ಷವಾಗಿತ್ತು.

ಆಶ್ರಮದಲ್ಲಿ ಒಂದು ಹಳೆಯ ಬೈಕಿತ್ತು. ಮಂಗಳವಾರ ಮತ್ತು ಶುಕ್ರವಾರ ದಾಕ್ಷಾಯಣಿ ಅದನ್ನು ಓಡಿಸುತ್ತಿದ್ದಳು. ಗುರುಗಳು ಔಷಧಿಯ ಚೀಲ ತಬ್ಬಿಕೊಂಡು ಹಿಂದೆ ಕೂರುತ್ತಿದ್ದರು.

ಅವರು ಹೋಗುತ್ತಿದ್ದದ್ದು ಕರಿಗುಡ್ಡದ ಮೇಲಿನ ಹಟ್ಟಿಗೆ. ಅಲ್ಲಿ ಬೋರಜ್ಜ ಎಂಬ ಮುದುಕನ ಕಾಲಿನಲ್ಲಿ ಮಾಯದ ಹುಣ್ಣಿತ್ತು. ಅದನ್ನು ತೊಳೆದು ಪಟ್ಟಿ ಕಟ್ಟಬೇಕು. ತಪ್ಪಿಸಿದರೆ ಕಾಲು ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಒಂದು ಬುಧವಾರ ಅಶ್ವತ್ಥ ಶೆಟ್ಟರು ಆಶ್ರಮಕ್ಕೆ ಬಂದರು. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು, ಗುರುಗಳೆಂದರೆ ಬಹಳ ಭಕ್ತಿ. ಬೈಕಿನ ಆಯಿಲ್ ಬದಲಿಸುವ ಹೊತ್ತಾಗಿದೆ ಎಂದು ಯಾರೋ ಅವರಿಗೆ ಹೇಳಿದ್ದರು. ಕಾರಿನಿಂದ ಹೊಳೆಯುವ ಡಬ್ಬಿಯೊಂದನ್ನು ತೆಗೆದು ದಾಕ್ಷಾಯಣಿಯ ಕೈಗಿಟ್ಟರು.

"ನನ್ನ ಕಾರಿಗೆ ಇದನ್ನೇ ಹಾಕಿಸೋದು. ಅಂಗಡಿಯಲ್ಲಿ ಇದಕ್ಕಿಂತ ಒಳ್ಳೇದು ಇಲ್ಲ."

ದಾಕ್ಷಾಯಣಿಗೆ ಸಂತೋಷವಾಯಿತು. ಪೇಟೆಯ ಮೆಕ್ಯಾನಿಕ್ ಖಾದರ್ ಸಾಬರು ಇಷ್ಟು ವರ್ಷ ಹಾಕುತ್ತಿದ್ದದ್ದು ಸಾಧಾರಣ ಆಯಿಲ್. ಗುರುಗಳು ಕೂರುವ ಗಾಡಿಗೆ ಈಗ ಎಲ್ಲಕ್ಕಿಂತ ಮೇಲಿನದು ಸಿಕ್ಕಿತ್ತು.

ಶೆಟ್ಟರು ಹೋದಮೇಲೆ ಅವಳು ಡಬ್ಬಿ ಹಿಡಿದು ಗುರುಗಳ ಬಳಿ ಬಂದಳು.

"ಬುದ್ಧಿ, ಇದನ್ನು ಹಾಕಲಾ?"

"ಗಾಡಿಯನ್ನು ಕೇಳಿದೆಯಾ?"

ಅವಳು ನಕ್ಕಳು. ಗುರುಗಳು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಳು. ಹಳೆಯ ಆಯಿಲ್ ಇಳಿಸಿ ಹೊಸದನ್ನು ತುಂಬಿದಳು. ಡಬ್ಬಿಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿಯಿತು.

ಗುರುವಾರ ಸಂತೆಗೆ ಹೋಗಿಬಂದಳು. ದಾರಿಯುದ್ದಕ್ಕೂ ಗಾಡಿ ಮೆತ್ತಗೆ ಓಡಿತು.

"ಸದ್ದೇ ಇಲ್ಲ ಬುದ್ಧಿ."

"ಹೌದಾ," ಎಂದರು ಗುರುಗಳು.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಹೊರಟರು. ಬಯಲು ದಾಟಿ ಗುಡ್ಡದ ಏರು ಶುರುವಾಯಿತು.

ಮೊದಲ ತಿರುವಿನಲ್ಲಿ ಇಂಜಿನ್ ಕೂಗಿಕೊಂಡಿತು. ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ದಾಕ್ಷಾಯಣಿ ಇನ್ನಷ್ಟು ರೇಸ್ ಕೊಟ್ಟಳು. ಕೂಗು ಹೆಚ್ಚಿತು, ಚಕ್ರ ನಿಂತಿತು. ಸುಟ್ಟ ವಾಸನೆ ಬಂತು.

ಗುರುಗಳು ಇಳಿದರು. ಅವಳೊಬ್ಬಳೇ ಕೂತು ಹತ್ತಿಸಲು ನೋಡಿದಳು. ಆಗಲೂ ಏರಲಿಲ್ಲ.

ಗಾಡಿಯನ್ನು ಒಂದು ಬಂಡೆಯ ನೆರಳಿಗೆ ತಳ್ಳಿ ನಿಲ್ಲಿಸಿದರು. ಗುರುಗಳು ಚೀಲವನ್ನು ಹೆಗಲಿಗೆ ಹಾಕಿಕೊಂಡು ನಡೆಯತೊಡಗಿದರು. ದಾಕ್ಷಾಯಣಿ ಓಡಿಹೋಗಿ ಚೀಲ ಇಸಿದುಕೊಂಡಳು. ಅವಳ ಕಣ್ಣು ತುಂಬಿತ್ತು.

"ನನ್ನಿಂದ ಹೀಗಾಯಿತು ಬುದ್ಧಿ. ಈ ವಯಸ್ಸಿನಲ್ಲಿ ನಿಮ್ಮನ್ನು ಗುಡ್ಡ ಹತ್ತಿಸುತ್ತಿದ್ದೇನೆ."

"ಬೋರಜ್ಜ ಕಾಯುತ್ತಿದ್ದಾನೆ. ಅಳುತ್ತಾ ನಡೆದರೆ ನಿಧಾನವಾಗುತ್ತದೆ."

ಅವಳು ಕಣ್ಣೊರೆಸಿಕೊಂಡಳು. ಸ್ವಲ್ಪ ದೂರ ಹೋದಮೇಲೆ ಕೇಳಿದಳು.

"ಆ ಆಯಿಲ್ ಹಾಕಬಾರದು ಅಂತ ನಿಮಗೆ ಗೊತ್ತಿತ್ತು. ಯಾಕೆ ತಡೆಯಲಿಲ್ಲ?"

"ನನಗೇನು ಗೊತ್ತು? ನಾನೇನು ಮೆಕ್ಯಾನಿಕ್ಕೇ?"

"ಮತ್ತೆ ಗಾಡಿಯನ್ನು ಕೇಳು ಅಂದಿರಿ."

"ಗೊತ್ತಿಲ್ಲದವನು ಇನ್ನೇನು ಹೇಳಬೇಕು?"

ಎರಡನೇ ತಿರುವಿನಲ್ಲಿ, ಜಾಲಿ ಮರಗಳ ಹಿಂದೆ, ಒಂದು ಶೀಟಿನ ಮನೆ ಇತ್ತು. ಅದರ ಬಾಗಿಲಲ್ಲಿ ತುಂಬು ಬಸುರಿಯೊಬ್ಬಳು ಗೋಡೆ ಹಿಡಿದು ನಿಂತಿದ್ದಳು. ಅವಳ ಹೆಸರು ಕರಿಯಮ್ಮ.

"ನಡ್ಕೊಂಡು ಬಂದ್ರಾ ಬುದ್ಧಿ?" ಎಂದಳು. "ನಿಮ್ಮ ಗಾಡಿ ಸದ್ದು ವಾರವಾರ ಕೇಳ್ತೀನಿ. ನಾನು ಎದ್ದು ಹೊರಗೆ ಬರೋ ಹೊತ್ತಿಗೆ ತಿರುವು ದಾಟಿರ್ತೀರಿ."

ಮುಖ ಊದಿತ್ತು. ದಾಕ್ಷಾಯಣಿ ನಿಂತಳು.

"ತಲೆ ನೋಯುತ್ತಾ ಕರಿಯಮ್ಮ?"

"ಮೂರು ದಿನದಿಂದ. ಕಣ್ಣೂ ಮಂಜಾಗ್ತದೆ ಅಕ್ಕ. ಬಿಸಿಲಿಗೆ ಇರ್ಬೇಕು."

ದಾಕ್ಷಾಯಣಿ ಕೂತು ಅವಳ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದರೂ ಗುಳಿ ಹಾಗೆಯೇ ಉಳಿಯಿತು. ಚೀಲದಿಂದ ಬಿ.ಪಿ. ನೋಡುವ ಯಂತ್ರ ತೆಗೆದು ಎರಡು ಸಲ ನೋಡಿದಳು.

ಗುರುಗಳ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದಳು. "ಬಿ.ಪಿ. ಬಹಳ ಏರಿದೆ, ಇವತ್ತೇ ಆಸ್ಪತ್ರೆಗೆ ಹೋಗಬೇಕು ಬುದ್ಧಿ. ತಾಯಿಗೂ ಅಪಾಯ, ಮಗುವಿಗೂ ಅಪಾಯ. ಗಂಡ ಕುರಿ ಹೊಡೆದುಕೊಂಡು ಹೋಗಿದ್ದಾನಂತೆ. ಹಾಲಿನ ಟೆಂಪೋ ಈಗ ಕೆಳಗೆ ಇಳಿಯುತ್ತದೆ. ಆದರೆ ಬೋರಜ್ಜನ ಪಟ್ಟಿ..."

"ನೀನು ಮೇಲೆ ಹೋಗು. ಇವಳ ಜೊತೆ ನಾನು ಹೋಗುತ್ತೇನೆ. ಡಾಕ್ಟರಿಗೆ ಏನು ಹೇಳಬೇಕೋ ಒಂದು ಚೀಟಿಯಲ್ಲಿ ಬರೆದುಕೊಡು."

ಟೆಂಪೋ ಬಂತು. ಕರಿಯಮ್ಮನನ್ನು ಡ್ರೈವರ್ ಪಕ್ಕ ಕೂರಿಸಿದರು. ಗುರುಗಳು ಹಿಂದೆ ಹಾಲಿನ ಕ್ಯಾನುಗಳ ನಡುವೆ ಚೀಟಿ ಹಿಡಿದು ಕೂತರು.

ದಾಕ್ಷಾಯಣಿ ಹಟ್ಟಿ ತಲುಪುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಬೋರಜ್ಜ ಕಟ್ಟೆಯ ಮೇಲೆ ಕಾಲು ನೀಡಿಕೊಂಡು ದಾರಿ ನೋಡುತ್ತಿದ್ದ. ಅವಳು ಹುಣ್ಣು ತೊಳೆದು ಪಟ್ಟಿ ಕಟ್ಟಿದಳು. ಅವನು ಕೊಟ್ಟ ಮಜ್ಜಿಗೆ ಕುಡಿದು ಇಳಿದಳು. ಬಂಡೆಯ ಬಳಿ ನಿಲ್ಲಿಸಿದ್ದ ಗಾಡಿಯನ್ನು ತಳ್ಳಿಕೊಂಡು ಪೇಟೆಗೆ ತಂದಳು.

ಸಂಜೆ ಖಾದರ್ ಸಾಬರು ಇಂಜಿನ್ನಿನ ಬದಿ ಬಿಚ್ಚಿದರು. ಸುಟ್ಟು ಕಪ್ಪಾದ ಕ್ಲಚ್ ಪ್ಲೇಟುಗಳನ್ನು ತೆಗೆದು ಅವಳ ಮುಂದೆ ಇಟ್ಟರು.

"ಆಯಿಲ್ ಒಳ್ಳೇದೇ ದಾಕ್ಷಾಯಣಮ್ಮ. ಕಾರಿಗೆ. ಕಾರಲ್ಲಿ ಕ್ಲಚ್ ಬೇರೆ ಕಡೆ ಇರುತ್ತೆ, ಅದಕ್ಕೆ ಇಂಜಿನ್ ಆಯಿಲ್ ಮುಟ್ಟೋದಿಲ್ಲ. ನಿಮ್ಮ ಬೈಕಲ್ಲಿ ಕ್ಲಚ್ ಪ್ಲೇಟು ಅದೇ ಆಯಿಲ್ಲಲ್ಲಿ ಮುಳುಗಿರುತ್ತೆ. ಈ ಆಯಿಲ್ ಎಲ್ಲಾನೂ ಜಾರಿಸುತ್ತೆ. ಕ್ಲಚ್ ಪ್ಲೇಟು ಒಂದನ್ನೊಂದು ಹಿಡೀಬೇಕಲ್ಲ? ಹಿಡಿದರೇನೇ ಇಂಜಿನ್ ಬಲ ಚಕ್ರಕ್ಕೆ ಹೋಗೋದು. ಹಿಡಿಯೋದಕ್ಕೇ ಬಿಡ್ಲಿಲ್ಲ ಇದು."

"ಯಾವುದು ಹಾಕಬೇಕು ಅಂತ ತಿಳಿಯೋದು ಹೇಗೆ?"

ಅವರು ಸೀಟು ಎತ್ತಿ, ಎಣ್ಣೆಯ ಕಲೆ ಹತ್ತಿದ ಒಂದು ಸಣ್ಣ ಪುಸ್ತಕ ತೆಗೆದರು. ಗಾಡಿಯ ಜೊತೆಗೇ ಬಂದದ್ದು. ಅವಳು ಅದನ್ನು ಒಂದು ದಿನವೂ ತೆರೆದಿರಲಿಲ್ಲ.

"ಎಷ್ಟು ಮಂದ ಇರಬೇಕು ಅಂತ ಇಲ್ಲಿ ನಂಬರಿದೆ. ಆಮೇಲೆ ಡಬ್ಬಿ ಹಿಂದೆ ಎಂ.ಎ. ಅಂತ ಎರಡು ಅಕ್ಷರ ಹುಡುಕಿ. ಅದಿದ್ದರೆ ಇಂಥ ಬೈಕಿನ ಕ್ಲಚ್ಚಿಗೆ ಆಗುತ್ತೆ. ಗಾಡೀನೇ ಹೇಳುತ್ತೆ, ನಾವು ಓದಬೇಕು ಅಷ್ಟೇ."

ಒಳಗಿದ್ದ ಆಯಿಲ್ ಪೂರ್ತಿ ಇಳಿಸಿ, ಹೊಸ ಪ್ಲೇಟು ಹಾಕಿ, ಮೊದಲಿನ ಸಾಧಾರಣ ಆಯಿಲ್ಲನ್ನೇ ತುಂಬಿದರು.

ಮಂಗಳವಾರ ಗಾಡಿ ಗುಡ್ಡ ಏರಿತು. ಎರಡನೇ ತಿರುವಿನಲ್ಲಿ ಕರಿಯಮ್ಮನ ಗಂಡ ರಸ್ತೆಗೇ ಬಂದು ನಿಂತಿದ್ದ. ಶುಕ್ರವಾರವೇ ಹೆರಿಗೆ ಮಾಡಿಸಿದರಂತೆ. ಹೆಣ್ಣುಮಗು. ಸಣ್ಣದು, ಆದರೆ ಜೋರಾಗಿ ಅಳುತ್ತದೆ ಎಂದು ಹೇಳಿ ತಾನೇ ಕಣ್ಣೊರೆಸಿಕೊಂಡ.

ಆ ವಾರವೇ ಅಶ್ವತ್ಥ ಶೆಟ್ಟರು ಮತ್ತೆ ಬಂದರು.

"ಆಯಿಲ್ ಹೇಗಿದೆ ದಾಕ್ಷಾಯಣಮ್ಮ?"

ನಿಜ ಹೇಳಿದರೆ ಶೆಟ್ಟರ ಮನಸ್ಸು ನೋಯುತ್ತದೆ ಎಂದು ಅವಳು ಗುರುಗಳ ಮುಖ ನೋಡಿದಳು.

ಅವಳು ಒಳಗೆ ಹೋಗಿ ಉಳಿದ ಡಬ್ಬಿ ತಂದು ಶೆಟ್ಟರ ಮುಂದೆ ಇಟ್ಟಳು. ನಡೆದದ್ದನ್ನೆಲ್ಲ ಹೇಳಿದಳು. ಗಾಡಿ ನಿಂತದ್ದು, ಗುಡ್ಡವನ್ನು ನಡೆದು ಹತ್ತಿದ್ದು, ಕರಿಯಮ್ಮ, ಖಾದರ್ ಸಾಬರು ಹೇಳಿದ ಮಾತು.

"ತಪ್ಪು ನನ್ನದು ಶೆಟ್ಟರೇ. ನೋಡದೆ ಸುರಿದೆ. ಇದು ನಿಮ್ಮ ಕಾರಿಗೇ ಇರಲಿ."

ಶೆಟ್ಟರು ಡಬ್ಬಿಯನ್ನು ತಿರುಗಿಸಿ ಹಿಂಬದಿಯ ಅಕ್ಷರಗಳನ್ನು ಓದಿದರು.

"ಗುರುಗಳಿಗೆ ಕೊಡೋದು ಅಂತ ಇದ್ದದ್ದರಲ್ಲಿ ಮೇಲಿನದನ್ನೇ ತಂದೆ," ಎಂದರು. "ನಿಮ್ಮನ್ನು ಬಿಸಿಲಲ್ಲಿ ನಡೆಸಿದೆ ಬುದ್ಧಿ."

"ಆ ಕೂಸಿಗೆ ಒಳ್ಳೆಯದೇ ಆಯಿತು," ಎಂದು ಗುರುಗಳು ನಕ್ಕರು. "ಪ್ಲೇಟುಗಳಿಗೆ ಆಗಲಿಲ್ಲ."

ಶೆಟ್ಟರೂ ನಕ್ಕರು. ಡಬ್ಬಿಯನ್ನು ಕಾರಿನಲ್ಲಿಟ್ಟು ಮತ್ತೆ ಬಂದು ಕೈಮುಗಿದು ನಿಂತರು.

"ಮುಂದಿನ ಸಲ ಏನು ತರಲಿ ಬುದ್ಧಿ? ನೀವೇ ಹೇಳಿಬಿಡಿ."

ಗುರುಗಳು ಎದ್ದು ಅವರನ್ನು ಕಾರಿನವರೆಗೆ ಕಳಿಸಲು ಬಂದರು.

"ಶುಕ್ರವಾರ ಬರಿಗೈಯಲ್ಲಿ ಬನ್ನಿ. ಕಾರನ್ನು ಗುಡ್ಡದ ಕೆಳಗೆ ನಿಲ್ಲಿಸಿ ನನ್ನ ಜೊತೆ ಹಟ್ಟಿಯವರೆಗೆ ನಡೆಯಿರಿ. ಏನು ತರಬೇಕು ಅಂತ ಅಲ್ಲಿ ನೀವು ನನಗೆ ಹೇಳುವಿರಂತೆ."